ಫೋನಿನಲ್ಲಿ ಆರಾಮವಾಗಿದ್ದವರು

ಲೂಪಸ್ ಅಂದರೆ ನಮ್ಮ ಕಡೆ ಯಾರಿಗೂ ಅರ್ಥವಾಗುವುದಿಲ್ಲ. "ರಕ್ತದ ತೊಂದರೆ" ಅಂದರೆ ತಕ್ಷಣ ಅರ್ಥವಾಗುತ್ತದೆ, ಅದೂ ತಪ್ಪಾಗಿ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದು. ಹೆಚ್ಚಾಗಿ ಹೆಂಗಸರಿಗೆ ಬರುತ್ತದೆ, ಅದರಲ್ಲೂ ಮದುವೆಯ ವಯಸ್ಸಿನವರಿಗೆ. ಕೀಲುಗಳು ನೋಯುತ್ತವೆ, ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗುತ್ತದೆ, ಕೆಲವರಿಗೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಇವೆಲ್ಲ ಮನೆಯವರಿಗೆ ಒಂದಲ್ಲ ಒಂದು ದಿನ ಕಾಣುತ್ತವೆ. ಯಾರಿಗೂ ಕಾಣದೆ ನಡೆಯುವುದು ಇನ್ನೊಂದಿದೆ. ಆ ಹುಡುಗಿಗಿಂತ ಮೊದಲು ಅವಳ ರಕ್ತನಾಳಗಳಿಗೆ ವಯಸ್ಸಾಗುತ್ತದೆ. ಮೂವತ್ತು ದಾಟದವಳ ಎದೆನೋವು ಹೃದಯದ್ದು ಎಂದರೆ ಯಾರೂ ನಂಬುವುದಿಲ್ಲ. ನಂಬುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹೀಗೆ ಯಾರಿಗೆ ಆಗುತ್ತದೆ, ಎಷ್ಟು ಮಂದಿಗೆ ಆಗುತ್ತದೆ ಎಂದು ವರ್ಷಗಟ್ಟಲೆ ಅದೇ ಹೆಂಗಸರನ್ನು ಹಿಂಬಾಲಿಸಿ ನೋಡುವ ಅಧ್ಯಯನವೊಂದಿತ್ತು. ಹಲವು ಊರುಗಳಲ್ಲಿ ಅದರ ಕೇಂದ್ರಗಳಿದ್ದವು. ದಾವಣಗೆರೆಯ ಕೇಂದ್ರಕ್ಕೆ ನಾನು ಸಂಯೋಜಕಿ. ಹೆಸರು ದೊಡ್ಡದು, ಕೆಲಸ ಮಾತ್ರ ಕರೆಯುವುದು, ಕೂರಿಸುವುದು, ಕೇಳುವುದು, ಮತ್ತೆ ಕರೆಯುವುದು. ವರ್ಷಕ್ಕೊಮ್ಮೆ ಅವರು ಬರಿ ಹೊಟ್ಟೆಯಲ್ಲಿ ಬರಬೇಕು. ರಕ್ತ, ಮೂತ್ರ, ಎರಡೂ ತೋಳಿನ ಬಿಪಿ, ಇಸಿಜಿ. ಕೊನೆಗೆ ಕುತ್ತಿಗೆಯ ಸ್ಕ್ಯಾನ್. ಕುತ್ತಿಗೆಯ ದೊಡ್ಡ ರಕ್ತನಾಳ ಎರಡಾಗಿ ಕವಲೊಡೆಯುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಅದರ ಒಳಗೋಡೆ ಎಷ್ಟು ದಪ್ಪಗಿದೆ ಎಂದು ಅಳೆಯುತ್ತಾರೆ. ಕುತ್ತಿಗೆಯಲ್ಲಿ ಗೋಡೆ ದಪ್ಪವಾಗಿದ್ದರೆ ಹೃದಯದ ನಾಳಗಳಲ್ಲೂ ಹಾಗೇ ಇರಬಹುದೆಂಬ ಊಹೆ. ಊಹೆಯನ್ನು ಊಹೆಯಾಗಿ ಬಿಡದೆ, ಮುಂದೆ ಯಾರಿಗೆ ಹೃದಯಾಘಾತವಾಯಿತು ಎಂದು ಕಾದು ನೋಡುವುದೇ ಅಧ್ಯಯನ.

ಕಾದು ನೋಡಬೇಕಾದರೆ ಅವರು ಕಣ್ಣಿಗೆ ಬೀಳಬೇಕಲ್ಲ. ಬರಲಾಗದವರನ್ನು ಫೋನಿನಲ್ಲಿ ವಿಚಾರಿಸಿದರೂ ನಡೆಯುತ್ತದೆ ಎಂದು ನಿಯಮವಿತ್ತು. ಬದುಕಿದ್ದಾರೆಯೇ, ಎದೆನೋವು ಬಂದಿತ್ತೇ, ಆಸ್ಪತ್ರೆ ಸೇರಿದ್ದರೇ, ಇಷ್ಟು ಕೇಳಿ ಕಂಪ್ಯೂಟರಿಗೆ ತುಂಬಿದರೆ ಆ ವರ್ಷ ಮುಗಿಯಿತು. ಈ ನಿಯಮ ಮಾಡಿದವರ ಮನೆಗಳಲ್ಲಿ ಹೆಂಗಸರ ಕೈಯಲ್ಲಿ ಅವರದೇ ಫೋನ್ ಇರುತ್ತದೆ. ನಮ್ಮ ಹುಡುಗಿಯರು ಸೇರುವಾಗ ಬರೆಸಿದ್ದು ಅಪ್ಪನ ನಂಬರು, ಇಲ್ಲವೇ ಅಣ್ಣನದು. ಮದುವೆಯಾಗಿ ಹೋದ ಮೇಲೂ ನಮ್ಮ ಹತ್ತಿರ ಉಳಿದದ್ದು ಅದೇ ನಂಬರು.

ನಮ್ಮ ಕಡೆಯವರು ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಮೊದಲು ಹೇಳುವ ಮಾತು "ಆರಾಮ್ ಅದೀವ್ರಿ". ಕಾಲು ಮುರಿದುಕೊಂಡು ಮಲಗಿದವನೂ ಮೊದಲು ಆರಾಮ ಎಂದು ಹೇಳಿ, ಆಮೇಲೆ ಕಾಲಿನ ಸುದ್ದಿ ತೆಗೆಯುತ್ತಾನೆ. ಈ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಕಂಪ್ಯೂಟರಿನಲ್ಲಿ ಅದಕ್ಕೆ ಬೇರೆ ಅರ್ಥ ಬಂತು. ಜೀವಂತ, ಹೃದಯದ ತೊಂದರೆ ಇಲ್ಲ.

ಹರಿಹರದ ಹುಡುಗಿಯೊಬ್ಬಳಿದ್ದಳು. ಹೊಲಿಗೆ ಕಲಿಸುತ್ತಿದ್ದಳು. ಭೇಟಿಯ ದಿನ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದವಳು. ಸ್ಕ್ಯಾನ್ ಮಾಡುವಾಗ ಪರದೆಯನ್ನು ತನ್ನ ಕಡೆ ತಿರುಗಿಸಲು ಹೇಳಿ, "ನನ್ನ ಪೈಪ್ ಹೆಂಗೈತ್ರಿ? ಬ್ಲಾಕ್ ಆಗೇತೇನು?" ಎಂದು ಸ್ಕ್ಯಾನ್ ಡಾಕ್ಟರನ್ನೇ ಕಿಚಾಯಿಸುತ್ತಿದ್ದಳು. ಕೊನೆಯ ಸಲ ಬಂದಾಗ ಅವಳ ನಾಳದ ಗೋಡೆ ಒಂದು ಕಡೆ ನಿಜವಾಗಿ ಉಬ್ಬಿತ್ತು. ಆ ವಯಸ್ಸಿಗೆ ಇರಬಾರದ ಉಬ್ಬು. ಕ್ಲಿನಿಕ್ಕಿನ ಡಾಕ್ಟರು ಕೊಲೆಸ್ಟರಾಲ್ ಮಾತ್ರೆ ಶುರು ಮಾಡಿದರು. ಮುಂದಿನ ಸ್ಕ್ಯಾನ್ ತಪ್ಪಿಸಲೇಬೇಡ ಎಂದು ನಾನು ಹೇಳಿ ಕಳಿಸಿದೆ. ಅಷ್ಟರಲ್ಲಿ ಅವಳ ಮದುವೆಯಾಯಿತು. ಆಮೇಲೆ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ಅವಳ ತಂದೆ ಎತ್ತುತ್ತಿದ್ದರು. "ಆರಾಮದಾಳ್ರಿ ಮೇಡಂ. ಗಂಡನ ಮನ್ಯಾಗ ಅದಾಳೆ. ಬಂದಾಗ ಹೇಳ್ತೀನ್ರಿ." ಗಂಡನ ನಂಬರು ಕೊಡಿ ಎಂದರೆ, "ಅದು ಈಗ ಹತ್ತಂಗಿಲ್ರಿ" ಎನ್ನುತ್ತಿದ್ದರು.

ಅಂತಿಮ ವರದಿಗೆ ಮುಂಚೆ ಬಿಟ್ಟುಹೋದವರನ್ನು ಹುಡುಕಿ ಕೊನೆಯ ಸ್ಕ್ಯಾನಿಗೆ ಕರೆತರಬೇಕೆಂದು ತೀರ್ಮಾನವಾದಾಗ ನಾನು ಮೊದಲು ಹೊರಟದ್ದು ಅವಳ ಮನೆಗೆ. ಗಂಡ ದಾವಣಗೆರೆಯದೇ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಮದುವೆಗೆ ಕರೆಯಲು ಬಂದಾಗ ಅವಳೇ ಹೇಳಿದ್ದಳು. ಗೇಟಿನಲ್ಲಿ ವಿಚಾರಿಸಿದೆ. ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ ಎಂದರು. ಸೊಂಟದ ಮೇಲೆ ಕೂಸನ್ನು ಇಟ್ಟುಕೊಂಡ ಹೆಂಗಸೊಬ್ಬಳು ಬಾಗಿಲು ತೆಗೆದಳು. ಆಸ್ಪತ್ರೆಯಿಂದ ಬಂದಿದ್ದೇನೆ, ಈ ಮನೆಯ ಸೊಸೆಯನ್ನು ನೋಡಬೇಕಿತ್ತು ಅಂದೆ.

"ನಾನೇ ರೀ. ಏನಾಗಬೇಕಿತ್ತು?"

ನಾನು ಹುಡುಗಿಯ ಹೆಸರು ಹೇಳಿದೆ. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ಮೊದಲಿನ ಅಕ್ಕ ತೀರಿಕೊಂಡು ಎರಡನೇ ವರ್ಷ ನಡದೈತ್ರಿ. ನಿಮಗ ಗೊತ್ತಿಲ್ಲೇನ್ರಿ?"

ಹಿಂದಿನ ವಾರವಷ್ಟೇ ನಾನು ಹರಿಹರಕ್ಕೆ ಫೋನ್ ಮಾಡಿದ್ದೆ. ಆರಾಮದಾಳ್ರಿ ಎಂದು ಕೇಳಿಸಿಕೊಂಡು, ಹಾಗೇ ತುಂಬಿ, ಎದ್ದು ಚಹಾ ಕುಡಿಯಲು ಹೋಗಿದ್ದೆ. ಆ ಹೊಸಿಲ ಮೇಲೆ ನಿಂತಾಗ ನನಗೆ ಬಂದದ್ದು ದುಃಖವಲ್ಲ, ಕೆಟ್ಟ ಸಿಟ್ಟು. ದುಃಖ ಬರಲು ಇನ್ನೂ ಹೊತ್ತು ಹಿಡಿಯಿತು. ಊಟಕ್ಕೆ ಬಂದ ಗಂಡ ನನ್ನನ್ನು ಕೂರಲೂ ಹೇಳಲಿಲ್ಲ. "ಪಂಚಮಿಗೆ ತವರಿಗೆ ಹೋಗಿದ್ಲು. ಅಲ್ಲೇ ಆತು. ನಾ ಹೋಗೋದ್ರಾಗ ಎಲ್ಲಾ ಮುಗದಿತ್ತು. ಅವರಪ್ಪನ್ನ ಕೇಳ್ರಿ," ಎಂದು ಒಳಗೆ ಹೋದ. ಅವನ ಹೊಸ ಸಂಸಾರದ ಬಾಗಿಲಲ್ಲಿ ನಿಂತು ಹಳೆಯದನ್ನು ಕೆದಕುವ ಹಕ್ಕು ನನಗೂ ಇರಲಿಲ್ಲ.

ಸೀದಾ ಹರಿಹರಕ್ಕೆ ಹೋದೆ. ತಂದೆ ಮೊದಲು ದೊಡ್ಡ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅದು ಮುಚ್ಚಿದ ಮೇಲೆ ಮನೆಯ ಪಕ್ಕದಲ್ಲೇ ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಹಾಕಿಕೊಂಡಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಮಗಳ ಜೊತೆ ಒಮ್ಮೆ ಆಸ್ಪತ್ರೆಗೆ ಬಂದಿದ್ದರು. ಮನೆಯೊಳಗಿಂದ ಹುಡುಗಿಯೊಬ್ಬಳು ಇಣುಕಿ ನೋಡಿದಳು, ಎರಡನೇ ಮಗಳು. ಅವರು ಅವಳಿಗೆ ಒಳಗೆ ಹೋಗುವಂತೆ ಕೈಮಾಡಿ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದರು.

"ಮನ್ಯಾಗ ಬ್ಯಾಡ್ರಿ. ಇಲ್ಲೇ ಕೂಡ್ರಿ."

"ಕರೂರಿಗೆ ಹೋಗಿದ್ದೆ ಯಜಮಾನ್ರೆ," ಅಂದೆ.

ಅವರು ಕೈಗವಸು ಬಿಚ್ಚಿದರು.

"ಎರಡು ವರ್ಷದಿಂದ ನನಗೆ ಆರಾಮದಾಳೆ ಅಂತ ಹೇಳ್ತಿದ್ರಲ್ಲ. ಯಾಕೆ?"

"ಹೇಳಿದ್ರೆ ನೀವು ಹಿಂಗ ಮನೀಗೆ ಬರ್ತೀರಿ ಅಂತ. ಸಣ್ಣಾಕಿಗೆ ಗಂಡು ನೋಡಾಕ ಹತ್ತೀವ್ರಿ. ಅಕ್ಕ ರಕ್ತದ ಕಾಯಿಲೆಯಾಗಿ ಹೋದ್ಲು ಅಂತ ಗೊತ್ತಾದ್ರೆ ಯಾರ್ರಿ ನಮ್ಮ ಬಾಗಿಲಿಗೆ ಬರೋರು? ಓಣಿಯಾಗ ಕಾಮಾಲೆ ಆಗಿತ್ತು ಅಂತ ಹೇಳೀವಿ."

ಸಿಟ್ಟಿನ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಇನ್ನೊಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆಕಿ ಹೋದ ಮ್ಯಾಲೆ ಆಕಿ ಹೆಸರು ಹಿಡದು 'ಹೆಂಗದಾಳೆ' ಅಂತ ಕೇಳೋರು ನೀವೊಬ್ರೇ ಇದ್ರಿ. ಆರಾಮದಾಳೆ ಅಂತ ಒಂದ್ಸಲ ಬಾಯಿಗೆ ಬಂತು. ಆಮ್ಯಾಲೆ ಬದಲಾಯಿಸಾಕ ಆಗಲಿಲ್ಲ."

ನಾನು ಬಂದ ಕೆಲಸ ಬೇರೆ ಇತ್ತು. ಆಸ್ಪತ್ರೆಯ ಹೊರಗೆ ಯಾರಾದರೂ ತೀರಿಕೊಂಡರೆ, ಕೊನೆಯ ಗಳಿಗೆಯಲ್ಲಿ ಹತ್ತಿರವಿದ್ದವರಿಂದ ಹೇಳಿಕೆ ಪಡೆಯಬೇಕು. ನೋವು ಎಲ್ಲಿ ಶುರುವಾಯಿತು, ಎಲ್ಲಿಗೆ ಹರಿಯಿತು, ಬೆವರಿದರೇ, ಉಸಿರು ಕಟ್ಟಿತೇ, ಜ್ವರವಿತ್ತೇ, ಎಲ್ಲವನ್ನೂ ಕ್ರಮವಾಗಿ ಕೇಳಬೇಕು. ಹೇಳುವವರ ಒಪ್ಪಿಗೆ ಬೇಕು. ಆಮೇಲೆ ಇಬ್ಬರು ಹೃದ್ರೋಗ ತಜ್ಞರು ಬೇರೆ ಬೇರೆಯಾಗಿ ಓದಿ ಸಾವಿಗೆ ಕಾರಣ ಹೃದಯವೇ ಅಲ್ಲವೇ ಎಂದು ತೀರ್ಮಾನಿಸುತ್ತಾರೆ. ಮರಣೋತ್ತರ ಪರೀಕ್ಷೆಯಾಗಿರಲಿಲ್ಲ. ದಾವಣಗೆರೆಗೆ ತರುವ ದಾರಿಯಲ್ಲೇ ಜೀವ ಹೋಯಿತು ಎಂದಷ್ಟೇ ಅವರು ಹೇಳಿದರು. ಆಸ್ಪತ್ರೆಯಲ್ಲಿ "ತರುವಾಗಲೇ ಮೃತ" ಎಂದು ಬರೆದು ಕಳಿಸಿದ್ದರು. ಅವಳ ಸಾವು ಲೆಕ್ಕಕ್ಕೆ ಬರಬೇಕಾದರೆ ಈ ಮನುಷ್ಯ ಬಾಯಿ ಬಿಡಬೇಕಿತ್ತು. ಬೇರೆ ದಾರಿ ಇರಲಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದೆ. ಹೆಸರು ಎಲ್ಲೂ ಹೊರಗೆ ಬರುವುದಿಲ್ಲ, ಗುಟ್ಟಾಗಿರುತ್ತದೆ ಅಂದೆ. ಅವರು ನಕ್ಕರು. ಚೆನ್ನಾಗಿರಲಿಲ್ಲ ಆ ನಗು.

"ನಿಮ್ಮ ಕಾಗದ ಗುಟ್ಟಾಗಿರಬಹುದ್ರಿ. ನೀವು ಬಂದಿದ್ದು ಗುಟ್ಟಾಗೈತೇನು? ಎದುರು ಮನಿ ಅಜ್ಜಿ ಆಗಲೇ ಕಟ್ಟಿ ಮ್ಯಾಲೆ ಬಂದು ಕುಂತಾಳೆ."

"ಅವತ್ತು ಏನಾಯ್ತು ಅಂತ ಎರಡು ಮಾತಲ್ಲಾದರೂ ಹೇಳ್ರಿ."

"ಪಂಚಮಿ ಉಂಡಿ ತಿಂದಿದ್ಲು. ಗ್ಯಾಸ್ ಆಗೈತೆ ಅಂದ್ಕೊಂಡ್ವಿ..." ಎಂದವರು ನಿಲ್ಲಿಸಿಬಿಟ್ಟರು. "ಬ್ಯಾಡ್ರಿ. ಸಣ್ಣಾಕಿದು ಮದುವಿಯಾಗಲಿ. ನಾನೇ ಬಂದು ಹೇಳ್ತೀನಿ. ಅಲ್ಲೀತನಕ ಬರ್ಕೋಬ್ಯಾಡ್ರಿ. ಮಾತು ಕೊಡ್ರಿ."

ಕೊಟ್ಟೆ. ಕೊಡದೆ ಏನು ಮಾಡಲಿ? ಆ ಅರ್ಧ ಮಾತಿನಲ್ಲೇ ನನಗೆ ಎಲ್ಲ ಗೊತ್ತಾಗಿತ್ತು. ಎಳ್ಳುಂಡೆ, ಶೇಂಗಾ ಉಂಡೆ, ತಂಬಿಟ್ಟು, ಹಬ್ಬದ ಮನೆ, ತವರಿಗೆ ಬಂದ ಮಗಳು ಎದೆ ಹಿಡಿದುಕೊಂಡರೆ ಗ್ಯಾಸ್ ಅಲ್ಲದೆ ಮತ್ತೇನು? ಇಡೀ ಜಿಲ್ಲೆಯಲ್ಲಿ ಎದೆನೋವಿಗೆ ಇರುವುದು ಅದೊಂದೇ ಹೆಸರು. ಆದರೆ ನನಗೆ ಗೊತ್ತಾಗುವುದು ಬೇರೆ, ತಜ್ಞರ ಮುಂದೆ ನಿಲ್ಲುವುದು ಬೇರೆ.

ದಾವಣಗೆರೆಗೆ ಬಂದವಳೇ ನಮ್ಮ ಕೇಂದ್ರದ ಮುಖ್ಯಸ್ಥರಾಗಿದ್ದ ಪ್ರೊಫೆಸರರ ಕೋಣೆಗೆ ಹೋದೆ. ಫೋನಿನಲ್ಲಿ ಆರಾಮ ಎಂದು ಬೇರೆಯವರು ಹೇಳಿದ್ದನ್ನೆಲ್ಲ ಮತ್ತೆ ನೋಡಬೇಕು, ಆ ಹೆಂಗಸನ್ನೇ ಕಾಣಬೇಕು ಇಲ್ಲವೇ ಅವಳ ದನಿಯನ್ನೇ ಕೇಳಬೇಕು, ಅಲ್ಲಿಯವರೆಗೆ ಅವರನ್ನು ಜೀವಂತ ಎಂದು ತೋರಿಸಬಾರದು ಅಂದೆ.

"ಎಲ್ಲೋ ಒಂದು ಕೇಸು ಹೀಗಾಯ್ತು ಅಂತ ಎಲ್ಲರ ಮೇಲೂ ಅನುಮಾನ ಪಡೋಕಾಗುತ್ತೇನಮ್ಮ?" ಎಂದರು.

"ಬರದೇ ಇರೋರು ಸುಮ್ಮನೆ ಬರದೇ ಇರೋರಲ್ಲ ಸರ್. ಸತ್ತವರೇ ಅವರಲ್ಲಿ ಸೇರಿಕೊಂಡಿದ್ರೆ, ಬಂದವರನ್ನ ಎಣಿಸಿ ಹೃದಯ ಚೆನ್ನಾಗಿದೆ ಅಂತ ಬರೆದ ಹಾಗಾಗುತ್ತೆ."

"ವರದಿ ಕಳಿಸೋ ಹೊತ್ತಿಗೆ ಇದನ್ನ ತಂದ್ಯಲ್ಲ," ಎಂದು ತಲೆ ಒತ್ತಿಕೊಂಡರು. ಬೇಡ ಅನ್ನಲಿಲ್ಲ. ಬೇಡ ಅಂದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳುವವಳು ನಾನು ಎಂದು ಅವರಿಗೆ ಗೊತ್ತಿತ್ತು.

ನಾನು ಕೂತು ಅಂಥ ಪ್ರತಿಯೊಬ್ಬರ ಮುಂದೆಯೂ "ಜೀವಂತ" ತೆಗೆದು "ತಿಳಿದಿಲ್ಲ" ಹಾಕಿದೆ. ಬೇರೆ ಕೇಂದ್ರಗಳಿಗಿಂತ ಚೆಂದ ಕಾಣುತ್ತಿದ್ದ ನಮ್ಮ ಕೇಂದ್ರ ಒಂದೇ ಮಧ್ಯಾಹ್ನದಲ್ಲಿ ಎಲ್ಲರಿಗಿಂತ ಕೆಟ್ಟು ಕೂತಿತು. ಅಧ್ಯಯನ ನಡೆಸುವ ಬೆಂಗಳೂರಿನ ಕಚೇರಿಯಿಂದ ಫೋನ್ ಬಂತು. ಮುಖ್ಯಸ್ಥರು ನನ್ನ ಜೊತೆ ಮಾತು ಬಿಟ್ಟರು. ನಾನು ಮನೆ ಮನೆ ಸುತ್ತಲು ಹೊರಟೆ.

ದನಿ ಕೇಳುತ್ತೇನೆ ಅಂದ ಕೂಡಲೇ ಜನ ದನಿಯನ್ನೂ ಹೊಂದಿಸಿ ಕೊಟ್ಟರು. ಎಸ್.ಎಸ್. ಬಡಾವಣೆಯ ಅಣ್ಣನೊಬ್ಬ ತಂಗಿಯ ಬದಲು ಹೆಂಡತಿಯ ಕೈಗೆ ಫೋನ್ ಕೊಟ್ಟ. ಅವಳು ನಾಜೂಕಾಗಿ "ಆರಾಮದೀನ್ರಿ ಮೇಡಂ" ಅಂದಳು. ನನಗೂ ಅಷ್ಟು ಹೊತ್ತಿಗೆ ಬುದ್ಧಿ ಬಂದಿತ್ತು. ಸ್ಕ್ಯಾನ್ ಮಾಡುವಾಗ ಕುತ್ತಿಗೆಗೆ ಏನು ಹಚ್ಚಿದ್ದರು ಎಂದು ಕೇಳಿದೆ. ನಮ್ಮಲ್ಲಿಗೆ ಬಂದ ಯಾವ ಹೆಂಗಸೂ ಆ ತಣ್ಣನೆಯ ಲೋಳೆಯನ್ನು ಮರೆಯುವುದಿಲ್ಲ, ಹಚ್ಚಿದ ಕೂಡಲೇ ಎಲ್ಲರೂ ಕಿರುಚುತ್ತಾರೆ. ಆಕೆ ಸ್ವಲ್ಪ ಯೋಚಿಸಿ, "ಎಣ್ಣಿ ಅಲ್ಲೇನ್ರಿ?" ಅಂದಳು. ಮರುದಿನ ಆ ಮನೆಗೆ ಹೋದೆ. ತಂಗಿ ಬದುಕಿದ್ದಳು, ಪಕ್ಕದ ಊರಿನಲ್ಲಿ. ಗಂಡನ ಮನೆಯವರಿಗೆ ಕಾಯಿಲೆಯ ವಿಷಯ ಹೇಳಿರಲಿಲ್ಲವಾದ್ದರಿಂದ ಮಾತ್ರೆಯನ್ನೇ ಬಿಟ್ಟಿದ್ದಳು. ಕೆ.ಬಿ. ಬಡಾವಣೆಯ ಇನ್ನೊಬ್ಬಳು ಅತ್ತೆಯ ಕಣ್ಣು ತಪ್ಪಿಸಿ ಮಾತ್ರೆಗಳನ್ನು ರಾಗಿಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದಳು. ಇಂಥವರನ್ನು ಕಂಡಾಗ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಬದುಕಿದ್ದಾರಲ್ಲ ಎಂಬುದೇ ದೊಡ್ಡದು.

ಕೆಲವರು ಬದುಕಿರಲಿಲ್ಲ. ಅವರಲ್ಲೂ ಹೇಳಿಕೆ ಕೊಡಲು ಒಪ್ಪಿದವರು ಕಡಿಮೆ. ಎಲ್ಲರ ಮನೆಯಲ್ಲೂ ಮದುವೆಯಾಗಬೇಕಾದ ಯಾರಾದರೊಬ್ಬರು ಇದ್ದೇ ಇದ್ದರು.

ಲೆಕ್ಕ ಮುಗಿಸುವ ದಿನ ಗೊತ್ತಾದ ಮೇಲೆ ಹರಿಹರಕ್ಕೆ ಮತ್ತೊಮ್ಮೆ ಫೋನ್ ಮಾಡಿದೆ. ಆ ದಿನ ದಾಟಿದರೆ ಕಂಪ್ಯೂಟರಿನಲ್ಲಿ ಯಾರೂ ಏನೂ ಬದಲಾಯಿಸಲು ಆಗುವುದಿಲ್ಲ, ಆಮೇಲೆ ಹೇಳಿದರೆ ಪ್ರಯೋಜನವಿಲ್ಲ ಅಂದೆ. "ಮಾತುಕತಿ ಕೂಡಿ ಬಂದೈತ್ರಿ ಮೇಡಂ. ಇನ್ನೊಂದಿಷ್ಟು ದಿನ ತಡೀರಿ," ಎಂದರು. ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ಅದನ್ನೂ ಹೇಳಿದೆ. ಅವರು ಫೋನ್ ಇಟ್ಟರು.

ಸಾವುಗಳ ಕಾರಣ ತೀರ್ಮಾನಿಸುವ ಸಭೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಅವಳ ಸರದಿ ಬಂದಾಗ ತಜ್ಞರಲ್ಲಿ ಒಬ್ಬರು, "ಹೇಳಿಕೆ ಇಲ್ಲ, ಚಿಕಿತ್ಸೆಯ ದಾಖಲೆ ಇಲ್ಲ. ಕಾರಣ ತಿಳಿಯದು," ಎಂದರು. ನನಗೆ ಮಾತಾಡುವ ಅಧಿಕಾರ ಇರಲಿಲ್ಲ. ಆದರೂ ಕೇಳಿದೆ.

"ಕುತ್ತಿಗೆಯ ನಾಳದಲ್ಲಿ ಉಬ್ಬು ಇತ್ತಲ್ಲ ಸರ್? ಚಿತ್ರ ಇದೆ."

"ಅದು ಅಪಾಯದ ಗುರುತು, ಸಾವಿನ ಕಾರಣ ಅಲ್ಲ. ಉಬ್ಬು ಇದ್ದವರೆಲ್ಲ ಹೃದಯದಿಂದಲೇ ಸತ್ತರು ಅಂತ ಮೊದಲೇ ತೀರ್ಮಾನ ಮಾಡೋದಾದ್ರೆ ಅಧ್ಯಯನ ಯಾಕೆ ಬೇಕು?"

ಅವರು ಹೇಳಿದ್ದು ಸರಿ. ನನ್ನ ಸಿಟ್ಟು ಇಮ್ಮಡಿಯಾದದ್ದೇ ಅದಕ್ಕೆ. ತಪ್ಪು ಮಾಡಿದವರು ಸಿಕ್ಕರೆ ಜಗಳವಾಡಿ ಹಗುರಾಗಬಹುದು. ಅಲ್ಲಿ ಎಲ್ಲರೂ ನಿಯಮದಂತೆ ನಡೆದುಕೊಂಡರು, ನಾನೂ ಕೊಟ್ಟ ಮಾತಿನಂತೆ ನಡೆದುಕೊಂಡೆ, ಹುಡುಗಿ ಮಾತ್ರ ಲೆಕ್ಕದಿಂದ ಹೊರಗೆ ಬಿದ್ದಳು.

ವರದಿ ಬಂತು. ಲೂಪಸ್ ಇರುವವರಲ್ಲಿ ಹೃದಯಾಘಾತ ಅಂದುಕೊಂಡದ್ದಕ್ಕಿಂತ ಕಡಿಮೆ ಎಂದು ಅದರಲ್ಲಿತ್ತು. ಕೊನೆಯ ಕಡೆ, ಕೆಲವರ ವಿವರ ದೊರೆಯದಿರುವುದು ಈ ಅಧ್ಯಯನದ ಮಿತಿ ಎಂಬ ಒಂದೇ ಒಂದು ವಾಕ್ಯ. ನನ್ನ ಅಷ್ಟು ದಿನಗಳ ತಿರುಗಾಟ ಆ ವಾಕ್ಯದಲ್ಲಿ ಮುಗಿದಿತ್ತು. ಮುಖ್ಯಸ್ಥರು ಅದನ್ನು ಸಮ್ಮೇಳನದಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿ ಬಂದರು. ಅಪಾಯ ಅಷ್ಟೇನೂ ಇಲ್ಲ ಎಂದ ಮೇಲೆ ಲೂಪಸ್ ಕ್ಲಿನಿಕ್ಕಿನಲ್ಲಿ ವರ್ಷಕ್ಕೊಮ್ಮೆ ಹೃದಯ ನೋಡುವ ಅಗತ್ಯವೇನು? ಅದನ್ನು ನಿಲ್ಲಿಸಿದರು. ಸ್ಕ್ಯಾನ್ ಯಂತ್ರ ಥೈರಾಯ್ಡ್ ವಿಭಾಗಕ್ಕೆ ಹೋಯಿತು. ನನ್ನನ್ನು ಅದೇ ಕೋಣೆಯಲ್ಲಿ ಸಕ್ಕರೆ ಕಾಯಿಲೆಯ ಇನ್ನೊಂದು ಅಧ್ಯಯನಕ್ಕೆ ಹಾಕಿದರು.

ಒಂದು ದಿನ ಬೆಳಿಗ್ಗೆ ಹರಿಹರದ ತಂದೆ ಬಂದರು. ಬೀಗರು ಕೊಟ್ಟ ಹೊಸ ಬಿಳಿ ಅಂಗಿ ಹಾಕಿದ್ದರು, ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು.

"ಸಣ್ಣಾಕಿ ಮದುವಿ ಚಲೋ ಆತ್ರಿ. ನಾ ಮಾತು ಕೊಟ್ಟಿದ್ನಲ್ಲ, ಬಂದೀನಿ. ಕೇಳ್ರಿ."

ತಡೆಯಬೇಕಿತ್ತು. ತಡೆಯಲು ನನ್ನಿಂದಾಗಲಿಲ್ಲ. ಅವರು ಆಗಲೇ ಶುರು ಮಾಡಿದ್ದರು.

"ಮುಂಜಾನೆ ಎದ್ದಾಕಿನೇ ಎದಿ ಹಿಂಡಿದಂಗ ಆಗ್ತೈತೆ ಅಂದ್ಲು. ಅವ್ವ ಓಂಕಾಳು ಕೊಟ್ಲು. ಆಮ್ಯಾಲೆ ನಾನು ಸೋಡಾ ತಂದೆ."

"ನೋವು ಬೇರೆ ಕಡೆ ಹರೀತಾ?" ನನ್ನ ಬಾಯಿಗೆ ರೂಢಿಯಾದ ಪ್ರಶ್ನೆ ತಾನಾಗಿ ಬಂತು.

"ಎಡಗೈ ಎತ್ತಾಕ ಆಗ್ತಿರಲಿಲ್ಲ. ಗಲ್ಲ ಹಿಡ್ಕೊಂಡು ಕುಂತಿದ್ಲು. ಹಲ್ಲು ನೋವೇನು ಅಂತ ಕೇಳಿದೆ ನಾನು."

"ಬೆವರಿದ್ಲಾ?"

"ರವಿಕಿ ಹಿಂಡೋ ಹಂಗ. ಮೆಡಿಕಲ್ ಶಾಪಿನಾಗ ಗ್ಯಾಸಿನ ಗುಳಿಗಿ ಕೊಟ್ರು. ಅದನ್ನ ನುಂಗಿದ ಮ್ಯಾಲೆ ವಾಂತಿ ಮಾಡ್ಕೊಂಡ್ಲು. ವಾಂತಿ ಆತಲ್ಲ, ಇನ್ನ ಹಗುರ ಆಕ್ಕೈತೆ ಅಂತ ಎಲ್ರೂ ಅಂದ್ವಿ. 'ಅಪ್ಪಾ, ಇದು ಗ್ಯಾಸಲ್ಲ, ಆಸ್ಪತ್ರಿಗೆ ನಡಿ' ಅಂದ್ಲು. ಹಬ್ಬದ ದಿನ ಯಾವ ಡಾಕ್ಟ್ರು ಇರ್ತಾರವ್ವಾ ಅಂದೆ. ಆಟೋ ತರೋ ಹೊತ್ತಿಗೆ ಮಾತು ನಿಂತಿತ್ತು."

ಅವರು ಹೊಸ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಹೇಳಬೇಕಾದ ಯಾವುದನ್ನೂ ಬಿಟ್ಟಿರಲಿಲ್ಲ. ಇದನ್ನು ಓದಿದ ಯಾವ ತಜ್ಞನೂ ಎರಡು ಮಾತು ಆಡುತ್ತಿರಲಿಲ್ಲ.

"ಬರಕೊಂಡ್ರೇನ್ರಿ?" ಎಂದರು.

ನನ್ನ ಕೈಯಲ್ಲಿ ಪೆನ್ನೇ ಇರಲಿಲ್ಲ.

"ಯಜಮಾನ್ರೆ, ಲೆಕ್ಕ ಮುಗಿದುಹೋಗಿದೆ. ಆವತ್ತೇ ಫೋನಿನಲ್ಲಿ ಹೇಳಿದ್ನಲ್ಲ. ವರದಿಯೂ ಬಂದಾಯ್ತು. ಈಗ ಸೇರಿಸೋಕೆ ಬರೋದಿಲ್ಲ."

ಅವರು ಒಮ್ಮೆ ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

"ಹಂಗಾರ ನನ್ನ ಮಗಳನ್ನ ಯಾವುದ್ರಾಗ ಹಾಕ್ಯಾರ್ರಿ?"

"ಕಾರಣ ತಿಳಿಯದೆ ಹೋದವರಲ್ಲಿ."

"ತಿಳಿದಿತ್ತಲ್ರಿ," ಎಂದರು. "ಆಕಿಗೇ ತಿಳಿದಿತ್ತು. ನನಗ ಹೇಳಿದ್ಲು."